ನಾಳವೂ ಚೆನ್ನಾಗಿರಲಿ, ರಕ್ತವೂ ಚೆನ್ನಾಗಿರಲಿ

"ಸಾರ್, ಮೈಯಲ್ಲಿ ರಕ್ತ ಕಮ್ಮಿಯಾಗೈತೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ." ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರಿನ ವೈದ್ಯರಿಗೂ ಈ ಮಾತು ಹೊಸದಲ್ಲ. ಸುಸ್ತು ಎಂದು ಬಂದವರಿಗೆ ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರೇ ಸಮಾಧಾನ. ಆದರೆ ಆ ಅರ್ಧ ಲೀಟರ್ ಬಾಟಲಿಯಲ್ಲಿರುವುದು ಏನು? ಶುದ್ಧ ನೀರು ಮತ್ತು ಸುಮಾರು 25 ಗ್ರಾಂ ಗ್ಲೂಕೋಸ್, ಅಂದರೆ ಐದು ಚಮಚ ಸಕ್ಕರೆಯಷ್ಟು. ಒಂದು ಬಾಳೆಹಣ್ಣು ತಿಂದರೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬರುತ್ತದೆ. ಅದರಿಂದ ಒಂದು ತೊಟ್ಟು ರಕ್ತವೂ ಹೆಚ್ಚುವುದಿಲ್ಲ. ವಾಂತಿ ಭೇದಿಯಾಗಿ ನೀರಿನಂಶ ಕಳೆದುಕೊಂಡವರಿಗೆ, ಬಾಯಿಂದ ಏನೂ ಸೇವಿಸಲಾಗದವರಿಗೆ ಡ್ರಿಪ್ ಬೇಕೇ ಬೇಕು. ರಕ್ತ ಕಡಿಮೆಯಾದವರಿಗೆ ಅದು ಚಿಕಿತ್ಸೆಯಲ್ಲ.

ಇನ್ನೊಂದು ಮಾತೂ ಅಷ್ಟೇ ಸಾಮಾನ್ಯ. "ನನಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ನನಗ್ಯಾಕೆ ಬಿಪಿ ಇರುತ್ತೆ?" ಮೊದಲನೆಯ ಮಾತು ರಕ್ತದ ಬಗ್ಗೆ, ಎರಡನೆಯದು ರಕ್ತನಾಳದ ಬಗ್ಗೆ. ಇವೆರಡೂ ಹೇಗಿವೆ, ಏನು ಕೆಲಸ ಮಾಡುತ್ತವೆ ಎಂಬುದನ್ನು ತಿಳಿದುಕೊಂಡರೆ ಈ ಎರಡೂ ತಪ್ಪು ತಿಳಿವಳಿಕೆಗಳು ತಾವಾಗಿ ದೂರವಾಗುತ್ತವೆ. ಈ ವಾರ ಅದನ್ನೇ ನೋಡೋಣ.

ಪಂಪು ಮತ್ತು ಕಾಲುವೆ

ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಸೀಮೆಯಲ್ಲಿ ಹಿರಿಯರು ಕೆರೆಗೆ ಕೆರೆ ಜೋಡಿಸಿದರು. ಒಂದು ಕೆರೆ ತುಂಬಿ ಕೋಡಿ ಹರಿದರೆ ರಾಜಕಾಲುವೆಯಲ್ಲಿ ನೀರು ಮುಂದಿನ ಕೆರೆಗೆ ಹೋಗುತ್ತಿತ್ತು. ತೂಬು ಎತ್ತಿದರೆ ಗದ್ದೆಗೆ ನೀರು. ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ನಮ್ಮ ದೇಹದ ರಕ್ತಪರಿಚಲನೆಯೂ ಬಹುಮಟ್ಟಿಗೆ ಹೀಗೆಯೇ. ಒಂದೇ ವ್ಯತ್ಯಾಸವೆಂದರೆ ಕೆರೆಯ ನೀರು ಇಳಿಜಾರಿನಲ್ಲಿ ಹರಿದು ಹೋಗುತ್ತದೆ, ಮರಳಿ ಬರುವುದಿಲ್ಲ. ರಕ್ತ ಹೊರಟ ಜಾಗಕ್ಕೇ ಮರಳಿ ಬರಬೇಕು, ಪಾದದಿಂದ ಎದೆಯವರೆಗೆ ಮೇಲಕ್ಕೂ ಏರಬೇಕು. ಅದಕ್ಕೆ ಪಂಪು ಬೇಕು. 2018ರಲ್ಲಿ ಆರಂಭವಾದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ನಮ್ಮ ಜಿಲ್ಲೆಯ ಕೆರೆಗಳಿಗೆ ತರಲು ಪಂಪು ಬೇಕಾದ ಹಾಗೆ. ದೇಹದ ಪಂಪು ಹೃದಯ.

ಹೃದಯ ನಮ್ಮ ನಮ್ಮ ಮುಷ್ಟಿಯಷ್ಟು ದೊಡ್ಡದು. ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತ ಹೊರಬೀಳುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ 5 ಲೀಟರ್, ದಿನಕ್ಕೆ 7 ಸಾವಿರ ಲೀಟರ್. ದೇಹದಲ್ಲಿರುವ ಒಟ್ಟು ರಕ್ತವೂ ಸುಮಾರು 5 ಲೀಟರ್ ತಾನೆ? ಹಾಗಾಗಿ ಇದ್ದ ರಕ್ತವೆಲ್ಲ ಸುಮಾರು ಒಂದು ನಿಮಿಷಕ್ಕೆ ಒಂದು ಸುತ್ತು ಮುಗಿಸುತ್ತದೆ.

ವಾಸ್ತವವಾಗಿ ಸುತ್ತು ಎರಡು. ಹೃದಯದ ಬಲಭಾಗ ಮಲಿನ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ಟು, ಆಮ್ಲಜನಕ ತುಂಬಿಕೊಂಡು ರಕ್ತ ಹೃದಯದ ಎಡಭಾಗಕ್ಕೆ ಬರುತ್ತದೆ. ಎಡಭಾಗ ಅದನ್ನು ಇಡೀ ದೇಹಕ್ಕೆ ನೂಕುತ್ತದೆ. ತಲೆಯಿಂದ ಪಾದದವರೆಗೆ ನೂಕಬೇಕಾದ್ದರಿಂದ ಎಡಭಾಗದ ಗೋಡೆ ಬಲಭಾಗಕ್ಕಿಂತ ದಪ್ಪ.

ಮೂರು ಬಗೆಯ ನಾಳಗಳು

ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವ ನಾಳಗಳಿಗೆ ಅಪಧಮನಿ ಎಂದು ಹೆಸರು. ಎಲ್ಲಕ್ಕೂ ದೊಡ್ಡದು ಮಹಾಪಧಮನಿ, ಸುಮಾರು ಹೆಬ್ಬೆರಳಿನಷ್ಟು ಅಗಲ. ಅಪಧಮನಿಯ ಗೋಡೆಯಲ್ಲಿ ಮೂರು ಪದರಗಳಿವೆ. ಒಳಗಿನದು ರೇಷ್ಮೆಯಂತೆ ನುಣುಪಾದ ತೆಳು ಪೊರೆ. ನಡುವಿನದು ಸ್ನಾಯು ಮತ್ತು ರಬ್ಬರಿನಂತೆ ಹಿಗ್ಗುವ ತಂತುಗಳ ಪದರ. ಹೊರಗಿನದು ಗಟ್ಟಿ ಹೊದಿಕೆ. ಹೃದಯ ಬಡಿದಾಗ ಅಪಧಮನಿ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಮಣಿಕಟ್ಟಿನಲ್ಲಿ ನಾಡಿ ಹಿಡಿದಾಗ ನಿಮ್ಮ ಬೆರಳಿಗೆ ಸಿಗುವುದು ಈ ಹಿಗ್ಗುವಿಕೆ.

ಅಪಧಮನಿ ಕವಲೊಡೆಯುತ್ತಾ ಹೋಗಿ ತೀರಾ ಸಣ್ಣದಾದಾಗ ಅದರ ಗೋಡೆಯಲ್ಲಿ ಸ್ನಾಯುವೇ ಮುಖ್ಯ. ಇವೇ ನಮ್ಮ ದೇಹದ ತೂಬುಗಳು, ನೀರಗಂಟಿ ಕೆಲಸ ನಡೆಯುವುದು ಇಲ್ಲಿ. ಊಟವಾದ ಮೇಲೆ ಹೊಟ್ಟೆಯ ಕಡೆ, ಓಡುವಾಗ ಕಾಲಿನ ಕಡೆ, ಬಿಸಿಲಿನಲ್ಲಿ ಚರ್ಮದ ಕಡೆ ಹೆಚ್ಚು ರಕ್ತ ಹೋಗುವಂತೆ ಇವು ಸಡಿಲವಾಗುತ್ತವೆ, ಬಿಗಿಯಾಗುತ್ತವೆ. ಎಲ್ಲ ತೂಬುಗಳೂ ಸದಾ ಬಿಗಿಯಾಗಿದ್ದರೆ ಏನಾಗುತ್ತದೆ? ಹಿಂದೆ ಒತ್ತಡ ಏರುತ್ತದೆ. ಅದನ್ನು ಮುಂದೆ ನೋಡೋಣ.

ಎರಡನೆಯ ಬಗೆಯವು ಲೋಮನಾಳಗಳು. ತಲೆಗೂದಲಿನ ಹತ್ತನೆಯ ಒಂದು ಭಾಗದಷ್ಟು ಸಪೂರ. ಕೆಂಪು ರಕ್ತಕಣ ಒಂದರ ಹಿಂದೆ ಒಂದು ಸಾಲಾಗಿ, ಮೈ ಮಡಿಸಿಕೊಂಡು ನುಸುಳಬೇಕು. ಗೋಡೆಗೆ ಒಂದೇ ಒಂದು ಜೀವಕೋಶದ ದಪ್ಪ. ಟೊಮೆಟೊ ತೋಟದಲ್ಲಿ ದೊಡ್ಡ ಪೈಪು ಎಷ್ಟೇ ದೊಡ್ಡದಿರಲಿ, ಗಿಡಕ್ಕೆ ನೀರು ಸಿಗುವುದು ಹನಿ ನೀರಾವರಿಯ ಸಣ್ಣ ತೂತಿನಿಂದಲೇ. ಹಾಗೆಯೇ ಆಮ್ಲಜನಕ, ಆಹಾರ ಜೀವಕೋಶಕ್ಕೆ ಸಿಗುವುದು, ಕಸ ರಕ್ತಕ್ಕೆ ಬರುವುದು ಲೋಮನಾಳದಲ್ಲಿ ಮಾತ್ರ. ಮಿಕ್ಕ ನಾಳಗಳೆಲ್ಲ ಇದಕ್ಕಾಗಿ ಇರುವ ದಾರಿಗಳು.

ಮೂರನೆಯವು ಅಭಿಧಮನಿಗಳು. ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳಗಳು. ಮುಂಗೈ ಮೇಲೆ ಹಸಿರು ನೀಲಿಯಾಗಿ ಕಾಣುವ, ನಾವು ನರ ಎಂದು ಕರೆದುಬಿಡುವ ಗೆರೆಗಳು ನರಗಳಲ್ಲ, ಅಭಿಧಮನಿಗಳು. ಇವುಗಳ ಗೋಡೆ ತೆಳು, ಒತ್ತಡ ಕಡಿಮೆ. ಯಾವುದೇ ಹೊತ್ತಿನಲ್ಲಿ ದೇಹದ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಇವುಗಳಲ್ಲೇ ಇರುತ್ತದೆ. ರಕ್ತ ಕೆಳಕ್ಕೆ ಜಾರದಂತೆ ಒಳಗೆ ಅಲ್ಲಲ್ಲಿ ಕವಾಟಗಳಿವೆ.

ಈ ಕವಾಟಗಳನ್ನು ನೀವೇ ಪರೀಕ್ಷಿಸಬಹುದು. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಬಿಟ್ಟು ಅಭಿಧಮನಿ ಉಬ್ಬುವಂತೆ ಮಾಡಿ. ಬೆರಳುಗಳ ಕಡೆ ಒಂದು ಜಾಗದಲ್ಲಿ ಅದನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈ ಕಡೆಗೆ ರಕ್ತವನ್ನು ಸವರಿ. ನಾಳ ಖಾಲಿಯಾಗುತ್ತದೆ. ಮೇಲಿನ ಬೆರಳು ತೆಗೆದರೂ ಕವಾಟವಿರುವ ಕಡೆ ರಕ್ತ ಹಿಂದಕ್ಕೆ ಬರುವುದಿಲ್ಲ. ಕೆಳಗಿನ ಬೆರಳು ತೆಗೆದ ಕೂಡಲೇ ತುಂಬಿಕೊಳ್ಳುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ತಮ್ಮ ಗ್ರಂಥದಲ್ಲಿ ಇಂಥದೇ ಪರೀಕ್ಷೆಯಿಂದ ರಕ್ತ ಸುತ್ತುತ್ತದೆ ಎಂದು ತೋರಿಸಿದರು. ಅಪಧಮನಿಯಿಂದ ಅಭಿಧಮನಿಗೆ ಅದು ಯಾವ ದಾರಿಯಲ್ಲಿ ಹೋಗುತ್ತದೆಂದು ಮಾತ್ರ ಅವರಿಗೆ ಕಾಣಲಿಲ್ಲ. ಅವರು ತೀರಿಕೊಂಡ ನಾಲ್ಕು ವರ್ಷದ ಬಳಿಕ, 1661ರಲ್ಲಿ, ಇಟಲಿಯ ಮಾಲ್ಪಿಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ ಲೋಮನಾಳಗಳನ್ನು ಕಂಡುಹಿಡಿದರು.

ಕಾಲಿನ ರಕ್ತ ಮೇಲೇರಲು ಮೀನಖಂಡದ ಸ್ನಾಯುಗಳು ನೆರವಾಗುತ್ತವೆ. ನಡೆದಾಗ ಅವು ಅಭಿಧಮನಿಯನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತವೆ. ಅಲುಗದೆ ಗಂಟೆಗಟ್ಟಲೆ ನಿಲ್ಲುವವರಲ್ಲಿ, ಅಂದರೆ ಹೋಟೆಲಿನ ಅಡುಗೆಯವರು, ಕ್ಷೌರಿಕರು, ಮಾಲೂರು, ನರಸಾಪುರದ ಕಾರ್ಖಾನೆಗಳಲ್ಲಿ ನಿಂತೇ ಕೆಲಸ ಮಾಡುವವರು, ಇವರಲ್ಲಿ ಕವಾಟಗಳು ಸೋತು ಕಾಲಿನ ಅಭಿಧಮನಿಗಳು ಹಾವಿನಂತೆ ಉಬ್ಬಿ ಸುರುಳಿಯಾಗಬಹುದು. ನಿಂತಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸುವುದು, ನಡುವೆ ನಾಲ್ಕು ಹೆಜ್ಜೆ ನಡೆಯುವುದು, ಮಲಗುವಾಗ ಕಾಲಡಿ ದಿಂಬು ಇಡುವುದು ಒಳ್ಳೆಯದು. ಚರ್ಮ ಕಪ್ಪಾಗಿ ಹುಣ್ಣಾಗುವವರೆಗೆ ಕಾಯಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ನೋಯುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ರಕ್ತದಲ್ಲಿ ಏನೇನಿದೆ?

ರಕ್ತವನ್ನು ಗಾಜಿನ ನಳಿಕೆಯಲ್ಲಿ ಹೆಪ್ಪುಗಟ್ಟದಂತೆ ಇಟ್ಟರೆ ಎರಡು ಭಾಗವಾಗುತ್ತದೆ. ಮೇಲೆ ತಿಳಿ ಹಳದಿ ದ್ರವ, ಅದೇ ಪ್ಲಾಸ್ಮಾ. ಅದರಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ನೀರು. ಉಳಿದದ್ದು ಪ್ರೋಟೀನು, ಸಕ್ಕರೆ, ಕೊಬ್ಬು, ಲವಣ, ಹಾರ್ಮೋನು ಮತ್ತು ಮೂತ್ರಪಿಂಡಕ್ಕೆ ಹೋಗಬೇಕಾದ ಕಸ. ಕೆಳಗೆ ಕುಳಿತದ್ದು ರಕ್ತಕಣಗಳು.

ಕೆಂಪು ಕಣಗಳು ಒಂದು ಹನಿಯ ಸಣ್ಣ ಪಾಲಾದ ಒಂದು ಘನ ಮಿಲಿಮೀಟರಿನಲ್ಲೇ 45ರಿಂದ 50 ಲಕ್ಷ ಇರುತ್ತವೆ. ಇವುಗಳೊಳಗೆ ಹಿಮೋಗ್ಲೋಬಿನ್ ಎಂಬ ಕಬ್ಬಿಣಾಂಶವಿರುವ ಪ್ರೋಟೀನು ತುಂಬಿದೆ. ಆಮ್ಲಜನಕವನ್ನು ಹೊರುವ ಗಾಡಿ ಇದು, ರಕ್ತಕ್ಕೆ ಕೆಂಪು ಬಣ್ಣ ಇದರಿಂದಲೇ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಳೆಯ ಕಣಗಳು ಮುಖ್ಯವಾಗಿ ಗುಲ್ಮ ಮತ್ತು ಯಕೃತ್ತಿನಲ್ಲಿ ಒಡೆಯುತ್ತವೆ, ಅವುಗಳ ಕಬ್ಬಿಣವನ್ನು ದೇಹ ವ್ಯರ್ಥಮಾಡದೆ ಮತ್ತೆ ಬಳಸುತ್ತದೆ. ಹೊಸ ಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷದಂತೆ ಹುಟ್ಟುತ್ತಲೇ ಇರುತ್ತವೆ.

ಬಿಳಿ ಕಣಗಳು ಕಾವಲುಗಾರರು. ಸಾಮಾನ್ಯವಾಗಿ 4 ಸಾವಿರದಿಂದ 11 ಸಾವಿರ ಇರುತ್ತವೆ. ರೋಗಾಣು ಒಳಬಂದಾಗ ಲೋಮನಾಳದ ಗೋಡೆಯಿಂದ ನುಸುಳಿ ಹೊರಗೆ ಹೋಗಿ ಹೋರಾಡುತ್ತವೆ. ಮೂರನೆಯವು ಪ್ಲೇಟ್‌ಲೆಟ್‌ಗಳು, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ನಾಳ ತೂತಾದ ಕಡೆ ಒಡ್ಡು ಕಟ್ಟುವುದು ಇವುಗಳ ಕೆಲಸ.

ರಕ್ತ ಕಮ್ಮಿ ಎಂದರೆ ಯಾವುದು ಕಮ್ಮಿ?

ಸಾಮಾನ್ಯವಾಗಿ ನಾವು ರಕ್ತ ಕಮ್ಮಿ ಎಂದಾಗ ಲೀಟರ್ ಲೆಕ್ಕದಲ್ಲಿ ರಕ್ತ ಕಡಿಮೆಯಾಗಿರುವುದಿಲ್ಲ. ಕಡಿಮೆಯಾಗಿರುವುದು ಹಿಮೋಗ್ಲೋಬಿನ್. ಕಾಲುವೆ ತುಂಬ ನೀರಿದೆ, ನೀರಿನಲ್ಲಿ ಸತ್ವವಿಲ್ಲ. ಇದೇ ರಕ್ತಹೀನತೆ. ಹಿಮೋಗ್ಲೋಬಿನ್ ಒಂದು ಡೆಸಿಲೀಟರಿಗೆ ಗಂಡಸರಲ್ಲಿ 13 ಗ್ರಾಂ, ಹೆಂಗಸರಲ್ಲಿ 12 ಗ್ರಾಂ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿರಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ, 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಅಂದರೆ ಇಬ್ಬರು ಹೆಂಗಸರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ. ನಿಮ್ಮ ಮನೆಯೂ ಈ ಲೆಕ್ಕದಲ್ಲಿರಬಹುದು.

ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಲೆಸುತ್ತು, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿಕೊಂಡಿರುವುದು ಇದರ ಲಕ್ಷಣಗಳು. ಮಗು ಮಣ್ಣು ತಿನ್ನುವುದು, ಬಸುರಿ ಹಸಿ ಅಕ್ಕಿ ಅಗಿಯುವುದು, ಬಳಪ ತಿನ್ನುವುದು ಬಯಕೆ ಎಂದು ಬಿಡಬೇಡಿ. ಎಷ್ಟೋ ಸಲ ಅದು ಕಬ್ಬಿಣಾಂಶದ ಕೊರತೆಯ ಗುರುತು. ಕೊರತೆ ನಿಧಾನವಾಗಿ ಬಂದರೆ ದೇಹ ಹೊಂದಿಕೊಂಡುಬಿಡುತ್ತದೆ. ಹಿಮೋಗ್ಲೋಬಿನ್ 7 ಗ್ರಾಂಗೆ ಇಳಿದವರೂ ಬೆಳಿಗ್ಗೆ ಹಾಲು ಕರೆದು, ತೋಟಕ್ಕೆ ಹೋಗಿ, ಅಡುಗೆ ಮಾಡಿ, "ನನಗೇನಾಗೈತೆ, ಚೆನ್ನಾಗೇ ಇದೀನಿ" ಎನ್ನುತ್ತಾರೆ. ಅಂಥವರಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತಸ್ರಾವವಾದರೂ ಪ್ರಾಣಕ್ಕೆ ಅಪಾಯ.

ಕಾರಣಗಳು ಹಲವು. ಮುಟ್ಟಿನಲ್ಲಿ ಹೆಚ್ಚು ಸ್ರಾವ, ಮೇಲಿಂದ ಮೇಲೆ ಬಾಣಂತನ, ಬರಿಗಾಲಲ್ಲಿ ಓಡಾಡುವವರ ಕರುಳಿಗೆ ಸೇರುವ ಕೊಕ್ಕೆಹುಳು, ಮೂಲವ್ಯಾಧಿ. ನಮ್ಮ ಕಡೆ ಇನ್ನೊಂದು ಕಾರಣವನ್ನೂ ನೆನಪಿಡಬೇಕು. ಆಳವಾದ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳು ನಮ್ಮ ಜಿಲ್ಲೆಯಲ್ಲಿ ಹಲವಿವೆ. ಅಲ್ಲಿ ಕೀಲುನೋವು, ಸೊಂಟನೋವು ಸಾಮಾನ್ಯ. ಅದಕ್ಕೆ ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಆ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಿ ದಿನವೂ ಸ್ವಲ್ಪ ಸ್ವಲ್ಪ ರಕ್ತ ಸೋರಿಸಬಹುದು, ರಕ್ತದೊತ್ತಡ ಏರಿಸಬಹುದು, ಮೂತ್ರಪಿಂಡ ಕೆಡಿಸಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ತಡಮಾಡಬೇಡಿ. ವಯಸ್ಸಾದ ಗಂಡಸರಲ್ಲಿ ರಕ್ತಹೀನತೆ ಕಂಡರೆ ಟಾನಿಕ್ ಕುಡಿದು ಸುಮ್ಮನಾಗದೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಲೇಬೇಕು.

ಇನ್ನು ಊಟದ ವಿಷಯ. ಕೆಂಪಗಿರುವುದೆಲ್ಲ ರಕ್ತವಾಗುವುದಿಲ್ಲ. ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ರಕ್ತದ ಕೆಂಪಿಗೂ ಸಂಬಂಧವಿಲ್ಲ, ಅದರಲ್ಲಿ ಕಬ್ಬಿಣಾಂಶ ಕಡಿಮೆಯೇ. ನಮ್ಮ ರಾಗಿಯಲ್ಲಿ ಸುಣ್ಣದಂಶ ಧಾರಾಳವಾಗಿದೆ, ಕಬ್ಬಿಣವೂ ಇದೆ. ಆದರೆ ಅದರಲ್ಲಿರುವ ಒಗರು ಮೊದಲಾದ ಅಂಶಗಳು ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಈ ತಡೆ ಕಡಿಮೆಯಾಗುತ್ತದೆ. ಇನ್ನೊಂದು ಸುಲಭದ ದಾರಿ ನಮ್ಮ ಕೈಯಲ್ಲೇ ಇದೆ. 'ಸಿ' ಜೀವಸತ್ವ ಜೊತೆಗಿದ್ದರೆ ಧಾನ್ಯ, ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ದೇಶಕ್ಕೆಲ್ಲ ಟೊಮೆಟೊ ಕಳಿಸುವ ಕೋಲಾರದವರಿಗೆ ಇದಕ್ಕೆ ಕೊರತೆಯೇ? ಮುದ್ದೆ, ಮಸ್ಸೊಪ್ಪಿನ ಜೊತೆ ನಾಲ್ಕು ಹೋಳು ಹಸಿ ಟೊಮೆಟೊ, ಹೆಸರುಕಾಳು ಮೊಳಕೆಗೆ ನಿಂಬೆರಸ, ಊಟದ ಜೊತೆ ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ. ಟೀ, ಕಾಫಿ ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಮಾಂಸಾಹಾರಿಗಳಿಗೆ ಮಾಂಸ, ಈಲಿ, ಮೀನಿನ ಕಬ್ಬಿಣ ಸುಲಭವಾಗಿ ದಕ್ಕುತ್ತದೆ. ಹಾಲು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದವರಿಗೆ, ಕೆಲವು ಮುದುಕರಿಗೆ ಬಿ-12 ಜೀವಸತ್ವದ ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ. ಅದಕ್ಕೆ ಕಬ್ಬಿಣದ ಮಾತ್ರೆ ಪ್ರಯೋಜನವಿಲ್ಲ.

ರಕ್ತಹೀನತೆ ಬಂದ ಮೇಲೆ ಊಟವೊಂದೇ ಸಾಲದು, ಮಾತ್ರೆ ಬೇಕು. ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಉಚಿತ. ಗರ್ಭಿಣಿಯರು ದಿನಕ್ಕೊಂದರಂತೆ ಕನಿಷ್ಠ 180 ದಿನ ತೆಗೆದುಕೊಳ್ಳಬೇಕು. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ಊಟದ ನಂತರ ನುಂಗಿ. ಹಾಲಿನ ಜೊತೆ ಬೇಡ. ಸುಣ್ಣದಂಶದ ಮಾತ್ರೆ, ಕಬ್ಬಿಣದ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗದೆ ಎರಡು ಗಂಟೆ ಅಂತರ ಕೊಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸಿದರೆ ದೇಹದ ಕಬ್ಬಿಣದ ಕಣಜ ತುಂಬುತ್ತದೆ.

ಸದ್ದಿಲ್ಲದೆ ನಾಳ ಕೆಡಿಸುವ ಒತ್ತಡ

ಹರಿಯುವ ರಕ್ತ ಅಪಧಮನಿಯ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ, ನಮ್ಮ ಬಾಯಲ್ಲಿ ಬಿಪಿ. ಹೃದಯ ಹಿಂಡಿದಾಗ ಮೇಲಿನ ಸಂಖ್ಯೆ, ಸಡಿಲಗೊಂಡಾಗ ಕೆಳಗಿನ ಸಂಖ್ಯೆ. 120/80 ಇದ್ದರೆ ಚೆನ್ನ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ರೋಗ.

ಹೆಚ್ಚಿನ ಒತ್ತಡದಿಂದ ನೋವಾಗುವುದಿಲ್ಲ. ಅದೇ ಅದರ ಮೋಸ. ವರ್ಷಗಟ್ಟಲೆ ಒತ್ತಡ ತಾಳಿದ ಅಪಧಮನಿಯ ನುಣುಪಾದ ಒಳಪೊರೆ ತರಚುತ್ತದೆ. ತರಚಿದ ಕಡೆ ಕೊಬ್ಬು ಸೇರುತ್ತದೆ, ಗೋಡೆ ದಪ್ಪವಾಗಿ ಪೆಡಸಾಗುತ್ತದೆ, ದಾರಿ ಕಿರಿದಾಗುತ್ತದೆ. ಹೂಳು ತುಂಬಿದ ಕಾಲುವೆಯಂತೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ತಂಬಾಕು ಇವೂ ಇದೇ ಕೆಲಸ ಮಾಡುತ್ತವೆ. ಎರಡು ಮೂರು ಸೇರಿದರೆ ಹಾನಿ ಬೇಗ. ಒಂದು ದಿನ ಆ ಕೊಬ್ಬಿನ ಗಂಟು ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ದಾರಿ ಪೂರ್ತಿ ಮುಚ್ಚುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ, ಮೆದುಳಿನಲ್ಲಾದರೆ ಲಕ್ವ. ಕೆಲವೊಮ್ಮೆ ಒತ್ತಡ ತಾಳದೆ ಮೆದುಳಿನ ನಾಳವೇ ಒಡೆಯುತ್ತದೆ. ಮೂತ್ರಪಿಂಡ, ಕಣ್ಣಿನ ಸಣ್ಣ ನಾಳಗಳು ಹಾಳಾಗುವುದಂತೂ ಯಾರಿಗೂ ತಿಳಿಯುವುದೇ ಇಲ್ಲ.

ನೋವಿಲ್ಲದ ರೋಗವನ್ನು ಅಳತೆಯಿಂದಲೇ ಹಿಡಿಯಬೇಕು. 2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 'ಗೃಹ ಆರೋಗ್ಯ' ಯೋಜನೆಯನ್ನು ಮೊದಲಿಗೆ ಆರಂಭಿಸಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಅಂಶವನ್ನು ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಪರೀಕ್ಷಿಸುವ ಯೋಜನೆ ಇದು. ಮನೆಬಾಗಿಲಿಗೆ ಬಂದವರಿಗೆ "ನಮಗೇನೂ ಇಲ್ಲಮ್ಮ, ಹೋಗಿ" ಎನ್ನಬೇಡಿ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಿ. ಅದಕ್ಕೆ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಬೇಡ. ಎರಡು ಸಲ ನೋಡಿಸಿ.

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಒಂದು ಚಮಚ ಮಾತ್ರ. ಸಾರಿನಲ್ಲಿ ಹಾಕಿದ್ದು, ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರದ ತಿಂಡಿ ಎಲ್ಲ ಸೇರಿ ಈ ಲೆಕ್ಕ. ತಟ್ಟೆಯ ಪಕ್ಕ ಉಪ್ಪು ಬಡಿಸುವ ರೂಢಿ ಬಿಡಬಹುದು. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ ತೂಬುಗಳನ್ನು ಸಡಿಲಗೊಳಿಸುತ್ತದೆ. ಮಾತ್ರೆ ಬರೆದುಕೊಟ್ಟಿದ್ದರೆ ಬಿಪಿ ಸರಿಹೋಯಿತೆಂದು ನಿಲ್ಲಿಸಬೇಡಿ. ಅದು ಸರಿಯಾಗಿರುವುದು ಮಾತ್ರೆಯಿಂದ. ಗರ್ಭಿಣಿಯರು ಪ್ರತಿ ತಪಾಸಣೆಯಲ್ಲೂ ಬಿಪಿ ನೋಡಿಸಲೇಬೇಕು. ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹೆಪ್ಪು: ಬೇಕಾದ ಕಡೆ, ಬೇಡದ ಕಡೆ

ಗಾಯವಾದಾಗ ನಾಳ ಮೊದಲು ಕುಗ್ಗುತ್ತದೆ. ಪ್ಲೇಟ್‌ಲೆಟ್‌ಗಳು ತೂತಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಪ್ಲಾಸ್ಮಾದಲ್ಲಿನ ಪ್ರೋಟೀನುಗಳು ಒಂದರಿಂದೊಂದು ಎಚ್ಚರಗೊಂಡು ಫೈಬ್ರಿನ್ ಎಂಬ ನೂಲಿನ ಬಲೆ ನೇಯುತ್ತವೆ. ಬಲೆಯಲ್ಲಿ ಕಣಗಳು ಸಿಕ್ಕಿ ಹೆಪ್ಪಾಗುತ್ತದೆ. ಇದಕ್ಕೆ ಕೆಲವು ನಿಮಿಷ ಬೇಕು. ಆದ್ದರಿಂದ ಶುದ್ಧ ಬಟ್ಟೆಯಿಂದ ಗಾಯವನ್ನು ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಕಾಫಿ ಪುಡಿ, ಅರಿಶಿನ, ಮಣ್ಣು ಹಾಕಬೇಡಿ. ಕಡುಗೆಂಪು ರಕ್ತ ಚಿಮ್ಮುತ್ತಿದ್ದರೆ ಅಪಧಮನಿ ತುಂಡಾಗಿದೆ ಎಂದು ತಿಳಿದು, ಒತ್ತಿ ಹಿಡಿದೇ ಆಸ್ಪತ್ರೆಗೆ ಒಯ್ಯಬೇಕು.

ಹೊಲದಲ್ಲಿ ಕೊಳಕುಮಂಡಲ ಕಚ್ಚಿದರೆ ಅದರ ವಿಷ ಈ ಹೆಪ್ಪುಗಟ್ಟುವ ಪ್ರೋಟೀನುಗಳನ್ನೇ ಖಾಲಿ ಮಾಡುತ್ತದೆ. ಒಸಡು, ಮೂತ್ರದಲ್ಲಿ ರಕ್ತ ಬರುತ್ತದೆ. ಆಸ್ಪತ್ರೆಯಲ್ಲಿ 2 ಮಿ.ಲೀ. ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಓರೆ ಮಾಡಿ ನೋಡುತ್ತಾರೆ. ಹೆಪ್ಪಾಗದಿದ್ದರೆ ವಿಷ ಏರಿದೆ ಎಂದರ್ಥ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಹೀರುವುದು ಹಾನಿಕರ. ಕಚ್ಚಿದ ಭಾಗ ಅಲುಗದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ. ಪ್ರತಿವಿಷದ ಚುಚ್ಚುಮದ್ದು ಬಿಟ್ಟರೆ ಬೇರೆ ಮದ್ದಿಲ್ಲ.

ಡೆಂಗಿ ಜ್ವರ ಬಂದರೆ ಎಲ್ಲರೂ ಪ್ಲೇಟ್‌ಲೆಟ್ ಎಣಿಕೆಯನ್ನೇ ಕೇಳುತ್ತಾರೆ. ಆದರೆ ಅಲ್ಲಿ ದೊಡ್ಡ ಅಪಾಯ ಲೋಮನಾಳಗಳದು. ಅವು ಸೋರತೊಡಗಿ ಪ್ಲಾಸ್ಮಾ ಹೊರಹೋಗುತ್ತದೆ, ಬಿಪಿ ಕುಸಿಯುತ್ತದೆ. ಇದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೇ ಆಗುತ್ತದೆ. ಜ್ವರ ಬಿಟ್ಟಿತೆಂದು ನೆಮ್ಮದಿಪಡುವ ಹೊತ್ತಿಗೆ ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ, ಮಂಪರು, ಕೈಕಾಲು ತಣ್ಣಗಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಸೇರಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಬ್ರೂಫೆನ್ ಬೇಡ.

ಇನ್ನು ಬೇಡದ ಕಡೆ ಆಗುವ ಹೆಪ್ಪು. ಎದೆ ಹಿಂಡಿದಂತೆ ನೋವು, ತಣ್ಣನೆ ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ವ್ಯವಸ್ಥೆಯಾಗಿದೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಲಕ್ವದ ಲಕ್ಷಣ. ಮೆದುಳಿನ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ನಾಟಿ ಔಷಧಿ ಹುಡುಕಿ ಊರೂರು ಅಲೆದರೆ ಆ ಹೊತ್ತು ಕಳೆದುಹೋಗುತ್ತದೆ.

ಕಾರ್ಖಾನೆಯಲ್ಲಿ ತಯಾರಾಗದ ವಸ್ತು

ಆಸ್ಟ್ರಿಯಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಕಂಡುಹಿಡಿದ ಮೇಲೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಸುರಕ್ಷಿತವಾಗಿ ಕೊಡಲು ದಾರಿಯಾಯಿತು. ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುವ ರಕ್ತ ಮನುಷ್ಯರಿಂದಲೇ ಬರಬೇಕು. ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿಯಿಂದ ನಮ್ಮ ದೇಶದಲ್ಲಿ ಹಣಕ್ಕಾಗಿ ರಕ್ತ ಕೊಡುವುದು ನಿಷೇಧವಾಗಿದೆ. ಹಾಗಾಗಿ ದಾನಿಗಳೇ ಗತಿ.

18ರಿಂದ 65 ವರ್ಷದೊಳಗಿನ, 45 ಕಿಲೋ ತೂಕವಿರುವ, ಹಿಮೋಗ್ಲೋಬಿನ್ 12.5 ಗ್ರಾಂ ಇರುವ ಆರೋಗ್ಯವಂತರು ರಕ್ತ ಕೊಡಬಹುದು. ತೆಗೆಯುವುದು 350 ಮಿ.ಲೀ. ಅಥವಾ ತೂಕ ಹೆಚ್ಚಿದ್ದರೆ 450 ಮಿ.ಲೀ. ಕಳೆದ ದ್ರವ ಒಂದೆರಡು ದಿನದಲ್ಲಿ, ಕೆಂಪು ಕಣಗಳು ಒಂದೆರಡು ತಿಂಗಳಲ್ಲಿ ತುಂಬಿಕೊಳ್ಳುತ್ತವೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ನಿಶ್ಶಕ್ತಿ ಬರುತ್ತದೆ, ಗಂಡಸುತನ ಹೋಗುತ್ತದೆ ಎಂಬುದೆಲ್ಲ ಸುಳ್ಳು. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯ ರಕ್ತನಿಧಿಯಲ್ಲಿ ಅಥವಾ ನಿಮ್ಮೂರಿಗೆ ಬರುವ ಶಿಬಿರದಲ್ಲಿ ರಕ್ತ ಕೊಡಬಹುದು.

ಮನೆಯವರೆಲ್ಲ ನೆನಪಿಡಬೇಕಾದದ್ದು

* ಮನೆಯ ಹೆಂಗಸರು, ಹೆಣ್ಣುಮಕ್ಕಳಿಗೆ ವರ್ಷಕ್ಕೊಮ್ಮೆ, ಗರ್ಭಿಣಿಯರಿಗೆ ತಪಾಸಣೆಯಲ್ಲಿ ಹೇಳಿದಾಗಲೆಲ್ಲ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

* 30 ದಾಟಿದ ಎಲ್ಲರೂ ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಬಿಪಿ ಮತ್ತು ಸಕ್ಕರೆ ನೋಡಿಸಿ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಡಿ.

* ಮಕ್ಕಳಿಗೆ ಶಾಲೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ. ಹೊಲಕ್ಕೆ ಹೋಗುವಾಗ ಚಪ್ಪಲಿ ಮೆಟ್ಟಿ.

* ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗಬೇಡಿ.

* ಬೀಡಿ, ಸಿಗರೇಟು, ತಂಬಾಕು ಇಂದೇ ಬಿಡಿ. ಬಿಟ್ಟ ದಿನದಿಂದಲೇ ನಾಳಗಳಿಗೆ ಲಾಭ.

* ಸುಸ್ತಾದಾಗ ಬಾಟಲಿ ಕೇಳಬೇಡಿ, ಪರೀಕ್ಷೆ ಕೇಳಿ.

ಹಿಮೋಗ್ಲೋಬಿನ್ ಪರೀಕ್ಷೆಗೆ ಬೇಕಾದದ್ದು ಒಂದು ಹನಿ ರಕ್ತ, ಬಿಪಿಗೆ ತೋಳಿಗೊಂದು ಪಟ್ಟಿ. ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತವೆ, ಎರಡಕ್ಕೂ ಸೇರಿ ಕಾಲು ಗಂಟೆ ಸಾಕು. ಮನೆಯ ಲೆಕ್ಕ, ಹಾಲಿನ ಲೆಕ್ಕ, ಮಂಡಿಯ ಲೆಕ್ಕ ಬರೆದಿಡುವ ನಾವು ಈ ಎರಡು ಸಂಖ್ಯೆಗಳನ್ನೂ ಅದೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳೋಣ.